ತೇಪೆ ಭಾವನ ಕೈಚಳಕ

ನಮ್ಮ ಯಜಮಾನರ ಕಸುಬಿಗೆ ಒಂದು ಶಾಪ ಇದೆ. ಕೆಲಸ ಕೆಟ್ಟರೆ ಊರೆಲ್ಲ ನೋಡುತ್ತದೆ, ಚೆನ್ನಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರಿನ ಒಳಗೆ ಗೀರಿದ್ದು, ಹರಿದದ್ದು, ಸುಟ್ಟದ್ದು, ಬಿರುಕು ಬಿಟ್ಟದ್ದು ಎಲ್ಲವನ್ನೂ ಮೊದಲಿನ ಹಾಗೆ ಮಾಡಿಕೊಡುವುದು ಅವರ ಕೆಲಸ. ಗಿರಾಕಿ ಬಂದು ನೋಡಿ ‘ಎಲ್ಲಿತ್ತು?’ ಎಂದು ಕೇಳಿದರೆ ಅವರು ಗೆದ್ದ ಹಾಗೆ. ಆದರೆ ಗಿರಾಕಿ ಯಾಕೆ ಕೇಳುತ್ತಾನೆ? ತನ್ನ ಕಾರಿಗೆ ಏನೂ ಆಗಿಯೇ ಇರಲಿಲ್ಲ ಎನ್ನುವ ಮುಖ ಮಾಡಿಕೊಂಡು ಹೊರಟುಬಿಡುತ್ತಾನೆ. ವರ್ಷಗಟ್ಟಲೆ ಹೀಗೇ ಆದರೆ ಗಂಡಸಿಗೆ ಹೊಗಳಿಕೆಯ ಹಸಿವು ಹತ್ತುತ್ತದೆ. ಹಸಿದ ನಾಯಿಯಾದರೂ ಮನೆಯವರನ್ನು ಬಿಟ್ಟು ಬೇರೆಯವರನ್ನು ಕಚ್ಚುತ್ತದೆ.

ನಾನು ಅವರದೇ ಅಂಗಡಿಯಲ್ಲಿ ಹೊಲಿಗೆಯವಳು. ಸೀಟಿನ ಕವರು, ಕಾರಿನ ಒಳಚಾವಣಿಯ ಬಟ್ಟೆ ನನ್ನ ಪಾಲಿನದು. ನನ್ನ ಹೊಲಿಗೆ ಎಲ್ಲರಿಗೂ ಕಾಣುತ್ತದೆ, ಬೈದರೆ ಬೈಯುತ್ತಾರೆ, ಹೊಗಳಿದರೆ ಹೊಗಳುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ನನಗೆ ಆ ಚಟ ಇಲ್ಲ.

ನಮ್ಮವರಿಗೆ ಒಬ್ಬಳೇ ತಂಗಿ. ಅವಳ ಗಂಡನಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಇಸ್ತ್ರಿ. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಗದರುವ ಗಂಡನಾದರೆ ನಾಲ್ಕು ಜನ ಸೇರುತ್ತಾರೆ, ಬುದ್ಧಿ ಹೇಳುತ್ತಾರೆ. ಮೆಲ್ಲಗೆ ಮಾತಾಡುವವನಿಗೆ ಯಾರು ಏನು ಹೇಳಬೇಕು? ಒಂದು ಸಲ ನನ್ನ ನಾದಿನಿ ಫೋನಿನಲ್ಲಿ ಗೆಳತಿಯ ಜೊತೆ ನಗುತ್ತ ಕೂತಿದ್ದಳಂತೆ. ಇವನು ಎದುರಿಗೆ ಕುರ್ಚಿ ಹಾಕಿಕೊಂಡು, ಅವಳು ಫೋನ್ ಇಡುವವರೆಗೂ ಕಾದು, ‘ಏನು ತಮಾಷೆ ಹೇಳು, ನಾನೂ ನಗ್ತೀನಿ’ ಎಂದನಂತೆ. ಅವಳು ಹೇಳಿದಳು. ಇವನು ನಗಲಿಲ್ಲ. ‘ಇದಕ್ಕೆ ಅಷ್ಟು ನಗು ಬರಲ್ಲ, ಇನ್ನೇನೋ ಇರಬೇಕು, ಹೇಳು’ ಎಂದನಂತೆ. ಅವಳು ಅಳುವವರೆಗೂ ಅದೇ ಮಾತು, ಅದೇ ಮೆಲುದನಿ. ಆಮೇಲೆ ಅವಳು ಫೋನಿನಲ್ಲಿ ನಗುವುದನ್ನೇ ಬಿಟ್ಟಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ಅದನ್ನೂ ಬಿಟ್ಟಳು. ಬಿಡಿಸಿದ್ದಲ್ಲ, ಅವಳೇ ಬಿಟ್ಟದ್ದು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಅಂಥವನು ಹೊಸ ಕಾರು ತಂದ. ಒಳಗೆಲ್ಲ ಕೆನೆಬಣ್ಣ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹತ್ತಬೇಕು, ಕೈ ತೊಡೆಯ ಮೇಲೆ ಇರಬೇಕು, ಗಾಜು ಮುಟ್ಟಬಾರದು. ಮದುವೆಗೆ ಮುಂಚೆಯೇ ಲೈಸೆನ್ಸ್ ಪಡೆದಿದ್ದ ಹೆಂಡತಿ ಪಕ್ಕದಲ್ಲಿ ಮೂಟೆಯ ಹಾಗೆ ಕೂರಬೇಕು. ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ರೈಲಿನಲ್ಲಿ ಹೋಗುವಾಗ ಕಾರಿಗೆ ಹೊದಿಕೆ ಹಾಕಿ, ಕೀಲಿಕೈಯನ್ನು ಬೀರುವಿನಲ್ಲಿ ಕೋಟಿನ ಜೇಬಿಗೆ ಇಳಿಸಿ ಹೋಗುತ್ತಿದ್ದ. ಹೆಂಡತಿಗೆ ಗೊತ್ತಿಲ್ಲ ಎಂದುಕೊಂಡಿದ್ದ. ಬಟ್ಟೆ ಒಗೆಯುವವಳಿಗೆ ಜೇಬು ಗೊತ್ತಿರುವುದಿಲ್ಲವೇ?

ಅವನು ಊರಿನಲ್ಲಿ ಇಲ್ಲದ ಒಂದು ಮಧ್ಯಾಹ್ನ ಆ ಕಾರು ನಮ್ಮ ಅಂಗಡಿಯೊಳಗೆ ಹಿಮ್ಮುಖವಾಗಿ, ಒಂದೇ ಏಟಿಗೆ, ಎರಡು ಕಂಬಗಳ ನಡುವೆ ಬಂದು ನಿಂತಿತು. ಇಳಿದವಳು ನನ್ನ ನಾದಿನಿ. ನಮ್ಮವರು ಒಳಗೆ ಬಣ್ಣ ಬೆರೆಸುತ್ತಿದ್ದರು.

“ಅತ್ತಿಗೆ, ಒಂದು ಯಡವಟ್ಟಾಗಿದೆ” ಎಂದು ಹಿಂದಿನ ಬಾಗಿಲು ತೆಗೆದಳು.

ಬಾಗಿಲಿನ ಒಳಮೈಗೆ ಹೊದಿಸುವ ಪ್ಲಾಸ್ಟಿಕ್ ಹಲಗೆಗೆ ನಮ್ಮಲ್ಲಿ ಡೋರ್ ಪ್ಯಾಡ್ ಎನ್ನುತ್ತೇವೆ. ಅದರ ಮೇಲೆ ಅಂಗೈಯುದ್ದ ಸೀಳು. ಅಂಚು ಸುರುಳಿಯಾಗಿ ಮೇಲೆದ್ದು, ಒಳಗಿನ ಕಪ್ಪು ಕಾಣುತ್ತಿತ್ತು.

“ಏನು ತಾಗಿಸಿದೆ?”

“ನನ್ನ ಟ್ರಂಕು. ಮದುವೆಗೆ ಮುಂಚಿನದು. ಸೀಟಿನ ಮೇಲೆ ಹತ್ತಿಸುವಾಗ ಮೂಲೆ ಎಳೀತು.”

“ಅದನ್ನ ಎಲ್ಲಿಗೆ ತಗೊಂಡು ಹೊರಟಿದ್ದೆ?”

ಅವಳು ಒಳಗೆ ನೋಡಿ, ಅಣ್ಣ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದಳು. ಹಳೆಯ ಲ್ಯಾಬಿನವರು ಮತ್ತೆ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಅಲ್ಲಿ ಈಗ ಇರುವವರು ತಿಂಗಳ ಕೊನೆಗೆ ಖಾಲಿ ಮಾಡುತ್ತಾರೆ, ಅಲ್ಲಿಯವರೆಗೆ ಸಾಮಾನು ಇಟ್ಟುಕೊಳ್ಳಲು ಮನೆಯೊಡತಿ ಒಪ್ಪಿದ್ದಾಳೆ. ಬಟ್ಟೆ, ಓದಿದ ಸರ್ಟಿಫಿಕೇಟುಗಳು, ಅಮ್ಮನ ಒಂದು ಫೋಟೋ, ಎಲ್ಲ ಆ ಟ್ರಂಕಿನಲ್ಲಿ ಹೋಗಿ ಕೂತಿವೆ. ಗಂಡ ನಾಡಿದ್ದು ಬರುತ್ತಾನೆ. ತಿಂಗಳು ಮುಗಿಯುವವರೆಗೆ ಏನೂ ಗೊತ್ತಾಗದ ಹಾಗೆ ಅವನ ಜೊತೆ ಇದ್ದುಬಿಟ್ಟರೆ, ಆಮೇಲೆ ಒಂದು ಬೆಳಿಗ್ಗೆ ಅವನು ಆಫೀಸಿಗೆ ಹೋದಾಗ ಬಾಗಿಲು ಎಳೆದುಕೊಂಡು ಬಂದರಾಯಿತು.

“ಇದು ಕಂಡ್ರೆ ಮುಗೀತು ಅತ್ತಿಗೆ. ಒಂದು ಗೀರು ಸಾಕು ಅವರಿಗೆ. ಒಂದೊಂದೇ ಕೇಳ್ತಾ ಕೇಳ್ತಾ ಕೋಣೆವರೆಗೂ ಹೋಗ್ತಾರೆ.”

“ಅಣ್ಣನಿಗೆ ಹೇಳಿದ್ದೀಯಾ?”

“ಕಾರು ತಗೊಂಡಿದ್ದು ಹೇಳ್ಲೇಬೇಕು. ಉಳಿದದ್ದು ಬೇಡ. ಅಣ್ಣ ಒಳ್ಳೆಯವನೇ, ಆದ್ರೆ ಅವನ ಹೊಟ್ಟೇಲಿ ಮಾತು ನಿಲ್ಲಲ್ಲ.”

ನಿಜ. ನಮ್ಮವರ ಹೊಟ್ಟೆಯಲ್ಲಿ ಊಟ ಬಿಟ್ಟು ಬೇರೇನೂ ನಿಲ್ಲುವುದಿಲ್ಲ.

ಅವರು ಹೊರಗೆ ಬಂದು ಸೀಳನ್ನು ನೋಡಿದರು. ತಂಗಿಯ ಮುಖಕ್ಕಿಂತ ಮೊದಲು ಅದನ್ನೇ ನೋಡಿದರು. ಹಳೇ ಬಟ್ಟೆ ಯಾರಿಗೋ ಕೊಡಲು ಟ್ರಂಕು ಒಯ್ದಿದ್ದೆ ಎಂದು ಅವಳು ಹೇಳಿದಳು. ಗಂಡನಿಗೆ ಈ ಕಾರು ಮನೆಯಿಂದ ಆಚೆ ಬಂದದ್ದೇ ಗೊತ್ತಾಗಬಾರದು, ನನ್ನ ಮೇಲೆ ಆಣೆ ಎಂದಳು.

“ನೀನು ನನ್ನ ತಂಗಿ ಕಣೆ. ಬಾಯಿ ಬಿಡ್ತೀನಾ?” ಎಂದು ಅವಳ ತಲೆ ಮುಟ್ಟಿದರು.

ಆಮೇಲೆ ಕೆಲಸಕ್ಕೆ ಕೂತರು. ಇದರಲ್ಲಿ ಮಾತ್ರ ನಾನು ಸುಳ್ಳು ಹೇಳುವುದಿಲ್ಲ, ಆ ಮನುಷ್ಯನ ಕೈಯಲ್ಲಿ ಏನೋ ಇದೆ. ಮೇಲೆದ್ದ ಅಂಚನ್ನು ಬ್ಲೇಡಿನಲ್ಲಿ ಹೆರೆದರು. ಬಿಸಿಗಾಳಿ ಹಿಡಿದು ಸೀಳನ್ನು ಕೂರಿಸಿದರು. ಮೇಣದಂಥ ಒಂದು ಮಸಾಲೆ ತುಂಬಿ, ಆರಿದ ಮೇಲೆ ನುಣ್ಣನೆಯ ಕಾಗದದಿಂದ ಉಜ್ಜಿದರು. ಅಷ್ಟು ಮಾಡಲು ಯಾರಿಗಾದರೂ ಬರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಚರ್ಮದಂತೆ ಸಣ್ಣ ಸುಕ್ಕುಗಳಿರುತ್ತವಲ್ಲ, ಕಷ್ಟ ಇರುವುದು ಅಲ್ಲಿ. ಅದೇ ಬಾಗಿಲಿನ ಚೆನ್ನಾಗಿರುವ ಜಾಗಕ್ಕೆ ರಬ್ಬರಿನ ಹಿಟ್ಟು ಒತ್ತಿ ಅಚ್ಚು ತೆಗೆದು, ಆ ಅಚ್ಚನ್ನು ಹೊಸ ಪದರದ ಮೇಲೆ ಒತ್ತಿ ಸುಕ್ಕು ಮೂಡಿಸುತ್ತಾರೆ. ಸುಕ್ಕು ಓಡುವ ದಿಕ್ಕು ಕೂಡ ತಪ್ಪಬಾರದು. ಕೆನೆಬಣ್ಣಕ್ಕೆ ಬೂದಿಯಷ್ಟು ಕಪ್ಪು, ಉಗುರಿನಷ್ಟು ಹಳದಿ ಸೇರಿಸುತ್ತ, ಪಕ್ಕದಲ್ಲಿ ಹಚ್ಚಿ ಒರೆಸುತ್ತ, ಸಂಜೆಯ ಹೊತ್ತಿಗೆ ಮುಗಿಸಿದರು. ನಾನು ಕೂತಲ್ಲಿಂದ ಎದ್ದು ಹೋಗಿ ಹುಡುಕಿದೆ, ಸಿಗಲಿಲ್ಲ.

ನನ್ನ ನಾದಿನಿ ಒಂದು ಸಲ ಬಗ್ಗಿ ನೋಡಿದಳು, ಗಡಿಯಾರ ನೋಡಿದಳು, ಕಾರು ಹತ್ತಿ ಹೊರಟಳು. ಅಕ್ಕಪಕ್ಕದವರು ನೋಡುವ ಮೊದಲು ಹೊದಿಕೆ ಹಾಕಿಬಿಡಬೇಕಿತ್ತು ಅವಳಿಗೆ.

“ಒಂದು ಮಾತು ಹೇಳ್ಲಿಲ್ಲ ನೋಡು” ಎಂದರು ನಮ್ಮವರು, ಕೈ ಒರೆಸಿಕೊಳ್ಳುತ್ತ.

“ಜೀವ ಕೈಲಿ ಹಿಡ್ಕೊಂಡು ಬಂದಿದ್ದಾಳೆ. ನಿಮಗೆ ಶಾಲು ಹೊದಿಸಬೇಕಿತ್ತಾ?” ಎಂದೆ.

ಅವರಿಗೆ ಬೇಸರವಾಯಿತು. ಆ ಬೇಸರ ಊಟದ ತಟ್ಟೆಯ ಮುಂದೆ ಕೂಡ ಹೋಗಲಿಲ್ಲ.

ಇಸ್ತ್ರಿ ಊರಿನಿಂದ ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದನಂತೆ, ಒಳಗೆ ಕೂತನಂತೆ, ಏನೂ ಕಾಣಲಿಲ್ಲವಂತೆ. ಅವಳು ನನಗೆ ಫೋನಿನಲ್ಲಿ ‘ಆಯ್ತು ಅತ್ತಿಗೆ’ ಎಂದಳು, ಅಷ್ಟೇ. ಆ ಎರಡು ಮಾತು ಕೇಳಿ ನನಗೆ ಅಳು ಬಂತು.

ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ, ರಜೆಯ ದಿನ, ಅವರಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದರು. ಕಾರನ್ನು ನಮ್ಮ ಕಿಟಕಿಯ ಎದುರಿಗೇ ನಿಲ್ಲಿಸಿದ. ಇವರೂ ಅವನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಇವರ ಬಾಯಲ್ಲಿ ಅದು ಮರ್ಯಾದೆ. ಅವನು ಮಾತ್ರ ‘ತೇಪೆ ಭಾವ’ ಎನ್ನುತ್ತಿದ್ದ. ತಮಾಷೆಗೆ ಎನ್ನುವ ಹಾಗೆ, ಪ್ರತಿ ಸಲ, ಜನರ ಎದುರಿಗೆ.

ಊಟದ ನಡುವೆ ಶುರು ಮಾಡಿದ.

“ನಮ್ಮ ಆಫೀಸಿನವರೊಬ್ಬರ ಕಾರಿನೊಳಗೆ ಸಿಗರೇಟು ತಾಗಿ ತೂತಾಗಿತ್ತು. ನಿಮ್ಮ ಹೆಸರು ಹೇಳೋಣ ಅಂದ್ಕೊಂಡೆ, ತೇಪೆ ಭಾವ. ಆಮೇಲೆ ಬೇಡ ಅನ್ನಿಸ್ತು.”

“ಯಾಕೆ ಬೇಡ?”

“ಬೇಜಾರು ಮಾಡ್ಕೋಬೇಡಿ. ತೇಪೆ ಎಷ್ಟು ಚೆನ್ನಾಗಿದ್ರೂ ತೇಪೆನೇ ಅಲ್ವಾ? ನಾನಾದ್ರೆ ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಹೇಳಿಬಿಡ್ತೀನಿ.”

ನಮ್ಮವರ ಕಿವಿ ಕೆಂಪಾಯಿತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ನಾದಿನಿ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಹೇಳ್ತೀರಾ?” ಎಂದರು ಇವರು.

“ಖಂಡಿತ.”

“ಅಣ್ಣಾ, ನೀರು ಕೊಡು ಈ ಕಡೆ” ಎಂದಳು ಅವಳು. ನೀರು ಅವಳ ಎದುರಿಗೇ ಇತ್ತು.

“ಬನ್ನಿ ಹಾಗಾದ್ರೆ” ಎಂದು ಇವರು ಎಂಜಲು ಕೈಯಲ್ಲೇ ಎದ್ದರು.

“ಊಟ ಮುಗಿಸಿ ಮಾತಾಡ್ರಿ” ಎಂದು ನಾನು ಅಡ್ಡ ನಿಂತೆ. ಅವಳು “ಅಣ್ಣಾ” ಎಂದಳು, ಇನ್ನೊಂದು ಸಲ “ಅಣ್ಣಾ” ಎಂದಳು. ಅದರಲ್ಲಿ ಇದ್ದದ್ದು ಕಲ್ಲಿಗೂ ಅರ್ಥವಾಗುತ್ತಿತ್ತು.

“ಏನಾಗತ್ತೆ ಬಿಡೆ. ಭಾವ ಏನು ಹುಲಿನಾ?” ಎಂದರು ನಮ್ಮವರು. ಬಾಗಿಲು ದಾಟಿ, ಕೈ ತೊಳೆದುಕೊಂಡು, ಅವನಿಗೂ ನೀರು ಹಾಕಿ, ಕಾರಿನ ಹತ್ತಿರ ಹೋಗಿ ಹೇಳಿದರು, “ನಿಮ್ಮ ಈ ಕಾರಲ್ಲೇ ನನ್ನದೊಂದು ತೇಪೆ ಇದೆ. ಹುಡುಕಿ ನೋಡೋಣ.”

ಕಿಟಕಿಯಿಂದ ನಾವಿಬ್ಬರೂ ನೋಡುತ್ತಿದ್ದೆವು. ಇಸ್ತ್ರಿ ಮೊದಲು ಇವರ ಮುಖ ನೋಡಿದ. ಆಮೇಲೆ ಅಂಗಿಯ ತೋಳು ಮಡಿಚಿ, ಒಂದೊಂದೇ ಬಾಗಿಲು ತೆಗೆದು, ಬೆರಳಾಡಿಸುತ್ತ, ಬಗ್ಗಿ ನೋಡುತ್ತ, ನಿಧಾನವಾಗಿ ಇಡೀ ಕಾರು ಜಾಲಾಡಿದ. ಸಿಗಲಿಲ್ಲ. ಹೊರಗೆ ಬಂದು, ಮೊಟ್ಟಮೊದಲ ಸಲ, ತೇಪೆ ಎನ್ನುವ ಮಾತು ಬಿಟ್ಟು ಹೇಳಿದ.

“ಸೋತೆ ಭಾವ. ನೀವು ದೊಡ್ಡ ಕಲಾವಿದರು. ಎಲ್ಲಿದೆ, ತೋರಿಸಿ.”

ಅಷ್ಟು ಸಾಕಾಯಿತು. ನಮ್ಮವರು ಹಿಂದಿನ ಬಾಗಿಲು ತೆಗೆದು, ತೋರಿಸಿ, ಬ್ಲೇಡು, ಅಚ್ಚು, ಬಣ್ಣ ಎಲ್ಲ ವಿವರಿಸಿದರು. ಇಸ್ತ್ರಿ ತಲೆಯಾಡಿಸುತ್ತ ಕೇಳಿದ. ಇಷ್ಟು ಆಳದ ಸೀಳು ಯಾವುದರಿಂದ ಆಗುತ್ತದೆ ಎಂದು ಮಾತಿನ ನಡುವೆ ಕೇಳಿದ. ಟ್ರಂಕಿನ ಮೂಲೆ, ಕಬ್ಬಿಣದ್ದು, ಎಂದರು ಇವರು.

“ಓ, ಟ್ರಂಕಾ” ಎಂದ ಇಸ್ತ್ರಿ.

ಒಳಗೆ ಬಂದು ಮತ್ತೆ ತಟ್ಟೆಯ ಮುಂದೆ ಕೂತ. ಇನ್ನೊಂದು ಸ್ವಲ್ಪ ಬಡಿಸಿಕೊಂಡ. “ಅಟ್ಟದ ಮೇಲೆ ನಿನ್ನ ಹಸಿರು ಟ್ರಂಕು ಇತ್ತಲ್ವಾ?” ಎಂದು ಹೆಂಡತಿಯನ್ನು ಕೇಳಿದ. ಅವಳು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು. “ಪರವಾಗಿಲ್ಲ, ಮನೆಗೆ ಹೋಗಿ ನೋಡೋಣ. ಊಟ ಮಾಡು” ಎಂದ. ಅವಳು ಊಟ ಮಾಡಿದಳು. ಒಂದೊಂದು ತುತ್ತನ್ನೂ ಅವನು ನೋಡುತ್ತಿದ್ದ, ತಟ್ಟೆ ಖಾಲಿಯಾಗುವವರೆಗೆ.

ಅವರು ಹೋದ ಮೇಲೆ ನಾನು ನಮ್ಮವರಿಗೆ ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಕೋಣೆ, ಲ್ಯಾಬು, ಎಲ್ಲ ಹೇಳಿದೆ. ಅವರು “ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?” ಎಂದರು. ಬಾಯಿ ಬಿಡುವುದಿಲ್ಲ ಎಂದು ತಂಗಿಯ ತಲೆ ಮುಟ್ಟಿದ ಕೈ ಇದೇ ಅಲ್ಲವೇ ಎಂದೆ. ಅವಳ ಫೋನು ಆವತ್ತಿನಿಂದ ಬಂದ್.

ಒಂದನೇ ತಾರೀಕು ಕಳೆಯಿತು. ಅದಾಗಿ ಸ್ವಲ್ಪ ದಿನಕ್ಕೆ ಇಸ್ತ್ರಿ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ನನ್ನ ನಾದಿನಿ, ಕೈ ತೊಡೆಯ ಮೇಲೆ. ಅವನು ಇಳಿದು, ನಾನು ಕೊಡದಿದ್ದರೂ ಕುರ್ಚಿ ಎಳೆದುಕೊಂಡು ಕೂತು, ಎಲ್ಲ ಅವನೇ ಹೇಳಿದ. ಮನೆಯೊಡತಿ ಒಳ್ಳೆಯ ಹೆಂಗಸಂತೆ, ಕೇಳಿದ ಕೂಡಲೇ ಟ್ರಂಕು ಕೊಟ್ಟಳಂತೆ. ಸರ್ಟಿಫಿಕೇಟುಗಳು ಮನೆಯಲ್ಲಿ ಹಾಳಾಗಬಾರದು ಎಂದು ತನ್ನ ಆಫೀಸಿನಲ್ಲಿ ಇಟ್ಟಿದ್ದಾನಂತೆ. ಅವಳಿಗೆ ತಲೆ ಸರಿ ಇಲ್ಲ, ಔಷಧಿ ನಡೆಯುತ್ತಿದೆ ಎಂದು ಲ್ಯಾಬಿನವರಿಗೆ ತಿಳಿಸಿದ್ದಾನಂತೆ, ಅವರೂ ಪಾಪ ಅಂದರಂತೆ.

“ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು ಭಾವ. ಅವಳು ಕೂರೋ ಕಡೆ ಬಾಗಿಲಿನ ಒಳಗಿನ ಹಿಡಿ ತೆಗೆದುಬಿಡಿ. ಗಾಜಿನ ಸ್ವಿಚ್ಚೂ ಬೇಡ.”

ನಮ್ಮವರಿಗೆ ಅರ್ಥವಾಗಲಿಲ್ಲ. “ತೆಗೆದ್ರೆ ಒಳಗಿಂದ ಬಾಗಿಲು ತೆಗೆಯೋಕಾಗಲ್ಲವಲ್ಲ?”

“ಅದಕ್ಕೇ. ಮನಸ್ಸು ಸರಿ ಇಲ್ಲದವಳು, ಓಡೋ ಗಾಡಿಯಲ್ಲಿ ತೆಗೆದುಬಿಟ್ರೆ? ಅಣ್ಣನಾಗಿ ನೀವೇ ಹೇಳಿ. ಆದ್ರೆ ಬರೀ ಕಿತ್ರೆ ತೂತು ಕಾಣತ್ತೆ, ನೋಡಿದವರು ಏನೇನೋ ಅಂದ್ಕೊಳ್ತಾರೆ. ಅಲ್ಲೊಂದು ಹಿಡಿ ಇತ್ತು ಅನ್ನೋದೇ ಯಾರಿಗೂ ತಿಳೀಬಾರದು. ಅಂಥ ಕೈ ನಿಮ್ಮದೊಂದೇ.”

“ಆಗಲ್ಲ” ಎಂದೆ ನಾನು. “ಈ ಅಂಗಡೀಲಿ ಆಗಲ್ಲ. ಎದ್ದು ಹೋಗಿ.”

ಅವನು ನನ್ನ ಕಡೆ ತಿರುಗಿ ನಕ್ಕ. “ಅಕ್ಕ, ನಿಮಗೆ ಮುಂಚೆಯಿಂದ್ಲೂ ಎಲ್ಲ ಗೊತ್ತಿತ್ತಂತೆ, ಇವಳೇ ಹೇಳಿದ್ಲು. ನಾನು ಮನಸ್ಸಿಗೆ ಹಚ್ಕೊಂಡಿಲ್ಲ. ಭಾವನಿಂದ ಮುಚ್ಚಿಟ್ರಲ್ಲ, ಅದಕ್ಕೆ ಮಾತ್ರ ಬೇಜಾರಾಯ್ತು. ಸ್ವಂತ ಅಣ್ಣನನ್ನೇ ನಂಬ್ಲಿಲ್ಲ ನೀವಿಬ್ರೂ.”

ಹಾವಿಗೆ ಎಲ್ಲಿ ಕಚ್ಚಬೇಕು ಎಂದು ಗೊತ್ತಿರುತ್ತದೆ. ನಮ್ಮವರು ನನ್ನನ್ನು ನೋಡಿದ ರೀತಿಯಲ್ಲೇ ನನಗೆ ತಿಳಿಯಿತು, ಕೆಲಸ ಹಿಡಿದರು ಎಂದು. ಇವನು ಕೆಟ್ಟವನು ಎಂದು ಒಪ್ಪಿದರೆ ಅಂದು ಕಿಟಕಿಯ ಆಚೆ ತಾನು ಮಾಡಿದ್ದೇನು ಎನ್ನುವುದನ್ನೂ ಒಪ್ಪಬೇಕು. ಇವನು ಒಳ್ಳೆಯವನು, ತಂಗಿಯ ಮನಸ್ಸೇ ಸರಿ ಇಲ್ಲ ಎಂದುಕೊಂಡರೆ ಯಾವ ತಪ್ಪೂ ಆಗಿಲ್ಲ. ಅಣ್ಣನಾದವನು ಎರಡನೆಯದನ್ನೇ ಹಿಡಿದುಕೊಂಡ.

“ಅವಳ ಒಳ್ಳೇದಕ್ಕೇ ಅಲ್ವಾ” ಎಂದರು, ಯಾರಿಗೂ ಅಲ್ಲದ ಹಾಗೆ, ಮತ್ತು ಸ್ಕ್ರೂಡ್ರೈವರ್ ತೆಗೆದುಕೊಂಡರು.

ನನ್ನ ನಾದಿನಿ ಬಂದು ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಬೆಂಚಿನಲ್ಲಿ ಕೂತಳು. ಮುಖ ಇಳಿದುಹೋಗಿತ್ತು. ಇಸ್ತ್ರಿ ಎದುರಿಗೇ ಇದ್ದ, ಆದರೂ ಮಿಷನ್ನಿನ ಸದ್ದಿನ ಮರೆಯಲ್ಲಿ ಹೇಳಿದೆ.

“ಇವತ್ತು ಹತ್ತಬೇಡ. ಇಲ್ಲೇ ಇದ್ದುಬಿಡು. ಪೊಲೀಸರ ಹತ್ರ ನಾನು ಬರ್ತೀನಿ, ಯಾರು ಏನ್ ಮಾಡ್ತಾರೋ ನೋಡೋಣ.”

“ಇಲ್ಲೇ ಅಂದ್ರೆ ಎಲ್ಲಿ ಅತ್ತಿಗೆ?” ಎಂದು ಅವಳು ಕಾರಿನ ಕಡೆ ನೋಡಿದಳು. “ಈ ಅಣ್ಣನ ಮನೇಲಾ?”

ನನ್ನ ಮಿಷನ್ನಿನ ಸೂಜಿ ಬಟ್ಟೆ ಇಲ್ಲದೆ ಓಡುತ್ತಿತ್ತು. ನಿಲ್ಲಿಸಿದೆ.

ಡೋರ್ ಪ್ಯಾಡ್ ಬಿಚ್ಚಿ, ಹಿಡಿಯ ತಂತಿ ಕಳಚಿ, ಹಳೆಯ ಒಂದು ಪ್ಯಾಡಿನಿಂದ ಪ್ಲಾಸ್ಟಿಕ್ ತುಂಡು ಕತ್ತರಿಸಿ, ಹಿಂದಿನಿಂದ ಕೂರಿಸಿ ಬೆಸೆದರು. ಮಸಾಲೆ, ಉಜ್ಜುವುದು, ಅಚ್ಚು, ಬಣ್ಣ. ಕೈ ನಡುಗುತ್ತದೇನೋ ಎಂದು ನಾನು ಕಾದೆ. ನಡುಗಲಿಲ್ಲ. ಒಮ್ಮೆ ಕೆಲಸಕ್ಕೆ ಕೂತರೆ ಎಲ್ಲ ಮರೆಯುತ್ತಾರೆ, ಅದೇ ಅವರ ದೊಡ್ಡ ಗುಣ ಎಂದು ಮದುವೆಯಾದ ಹೊಸತರಲ್ಲಿ ನಾನೂ ಹೇಳಿಕೊಂಡು ತಿರುಗಿದ್ದೆ. ಮುಗಿಸಿ ಹಿಂದೆ ಸರಿದು ನಿಂತಾಗ ಆ ಬಾಗಿಲು ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ಇತ್ತು. ನುಣ್ಣಗೆ, ಕೆನೆಬಣ್ಣ, ಹಿಡಿಯುವುದಕ್ಕೆ ಏನೂ ಇಲ್ಲ.

ಇಸ್ತ್ರಿ ಹೆಂಡತಿಯನ್ನು ಕರೆದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿ ಕೂತಳು. ಅವನು ಆಚೆ ಕಡೆಯಿಂದ ಹತ್ತಿ, “ನಿನ್ನ ಅಣ್ಣ ಎಷ್ಟು ಕಷ್ಟಪಟ್ಟಿದ್ದಾರೆ. ಹೇಗಾಗಿದೆ ಹೇಳು” ಎಂದ.

ಅವಳು ಬಾಗಿಲಿನ ಮೇಲೆ ಅಂಗೈ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಎಲ್ಲೂ ನಿಲ್ಲಲಿಲ್ಲ ಕೈ. ಆಮೇಲೆ ನಮ್ಮವರ ಮುಖ ನೋಡಿದಳು.

“ಚೆನ್ನಾಗಿದೆ ಅಣ್ಣ. ಇಷ್ಟು ಚೆನ್ನಾಗಿ ಬೇರೆ ಯಾರೂ ಮಾಡ್ತಿರ್ಲಿಲ್ಲ.”

ನಮ್ಮವರ ಮುಖ ಅರಳಿತು. ನಾನು ಕಣ್ಣಾರೆ ನೋಡಿದೆ. ಒಂದು ಗಳಿಗೆ, ಪೂರ್ತಿ ಅರಳಿತು.

“ಬಾಗಿಲು ಹಾಕು” ಎಂದಳು ಅವಳು. “ಒಳಗಿಂದ ಎಳ್ಕೊಳ್ಳೋಕೆ ನಂಗೆ ಏನೂ ಇಲ್ಲ.”

ಅರಳಿದ ಮುಖ ಹಾಗೇ ಉಳಿದುಹೋಯಿತು, ಮುಚ್ಚಿಕೊಳ್ಳಲು ಬಾರದೆ. ಅವರು ನನ್ನ ಕಡೆ ನೋಡಿದರು. ನಾನು ನೋಡಲಿಲ್ಲ. ಹೊಸ ಬಣ್ಣ ಕೆಡಬಾರದೆಂದು ಅಂಚು ಹಿಡಿದು ಮೆಲ್ಲಗೆ ಹಾಕಿದರು. ಬಾಗಿಲು ಸರಿಯಾಗಿ ಕೂರಲಿಲ್ಲ.

“ಇನ್ನೊಂದು ಸಲ, ಭಾವ. ಸ್ವಲ್ಪ ಜೋರಾಗಿ” ಎಂದ ಇಸ್ತ್ರಿ ಒಳಗಿನಿಂದ.

ನಮ್ಮವರು ತೆಗೆದು, ಇನ್ನೊಂದು ಸಲ ಜೋರಾಗಿ ಹಾಕಿದರು.